ಹವಾಲ್ದಾರರ ಕಲ್ಲು ಸೊಟ್ಟಗಾದದ್ದು

ಬೈಲಹೊಂಗಲದಲ್ಲಿ ಮೂವತ್ತು ವರ್ಷದಿಂದ ಕಲ್ಲು ಕೆತ್ತುತ್ತಿದ್ದೇನೆ. ಸುತ್ತಲಿನ ಹಳ್ಳಿಗಳಲ್ಲಿ ಮಿಲಿಟರಿಯಲ್ಲಿದ್ದು ಬಂದವರು ತೀರಿಕೊಂಡರೆ, ರುದ್ರಭೂಮಿಯಲ್ಲಿ ನಿಲ್ಲಿಸುವ ಕಲ್ಲು ಹೆಚ್ಚಾಗಿ ನನ್ನದೇ. ಅಳುವ ಮನೆಯ ಕೆಲಸ, ಗಂಭೀರವಾಗಿಯೇ ಹೋಗುತ್ತೇನೆ. ಆದರೂ ಪ್ರತಿ ಸಲ ಒಂದು ನಗು ಬೆನ್ನು ಹತ್ತಿ ಬಂದೇ ಬರುತ್ತದೆ.

೧. ಇಪ್ಪತ್ತರ ಗಂಡ

ನೇಸರಗಿಯ ಅಣ್ಣತಮ್ಮಂದಿರು ತೀರಿಹೋದ ಅಪ್ಪನ ಫೋಟೋ ತಂದರು. ಫೌಜಿಗೆ ಸೇರಿದ ಹೊಸತರಲ್ಲಿ ತೆಗೆಸಿದ್ದು. ಇಪ್ಪತ್ತರ ಪ್ರಾಯ, ಎಳೆ ಮೀಸೆ. ಅದನ್ನೇ ಕೆತ್ತಿದೆ. ಕಲ್ಲು ನಿಲ್ಲಿಸಿದ ದಿನ ಅವರ ತಾಯಿ ಬಂದು ಬಹಳ ಹೊತ್ತು ನೋಡಿದರು.

"ಚಲೋ ಆಗೇತಿ. ಆದ್ರ ಇಂವಾ ನನ್ನ ಮೊಮ್ಮಗನ ವಾರಿಗಿಯಂವ. ಇಂಥಾವನ ಮುಂದ ಕುಂತು ಅಳಾಕ ನನಗ ನಾಚಿಕಿ ಬರ್ತೈತಿ."

ಅಲ್ಲೇ ಕುಳಿತು ಮೀಸೆ ದಪ್ಪ ಮಾಡಿದೆ, ಕೆನ್ನೆಗೆ ಎರಡೆರಡು ಗೆರೆ ಎಳೆದೆ. ಅಜ್ಜಿ ಸೆರಗು ಕಣ್ಣಿಗೆ ಒತ್ತಿಕೊಂಡರು.

"ಹಾಂ, ಈಗ ಸೂಟಿ ಮ್ಯಾಲ ಮನಿಗಿ ಬಂದ್ರು."

೨. ಜೀವಂತ ಗಿರಾಕಿ

ಸಂಗೊಳ್ಳಿ ಕಡೆಯ ನಿವೃತ್ತ ಹವಾಲ್ದಾರರೊಬ್ಬರು ತಮ್ಮ ಕಲ್ಲನ್ನು ತಾವೇ ಹೇಳಿ ಮಾಡಿಸಿದರು. ಅವರಿಗೆ ಸೊಟ್ಟಗಿದ್ದದ್ದು ಕಂಡರೆ ಆಗದು. ಗೋಡೆಯ ಕ್ಯಾಲೆಂಡರ್, ಬಾಗಿಲ ಮುಂದಿನ ಚಪ್ಪಲಿ, ಹೆಂಡತಿ ಒಣಹಾಕಿದ ಸೀರೆ, ಎಲ್ಲವೂ ಪರೇಡಿನಂತೆ ನಿಲ್ಲಬೇಕು.

"ನಾ ಸತ್ತ ಮ್ಯಾಲ ನೀವು ಸೊಟ್ಟ ನಿಲ್ಲಿಸಿದ್ರ ಯಾರಿಗೆ ಹೇಳ್ಲಿ? ನನ್ನ ಕಣ್ಣ ಮುಂದ ನಿಲ್ಲಿಸ್ರಿ" ಎಂದರು.

ತೂಗುಗುಂಡು ಹಿಡಿದು ಮೂರು ಸಲ ಕೀಳಿಸಿ ನೆಡಿಸಿದರು. ಕಡೆಯವರೆಗೂ ಹೀಗೇ ನೆಟ್ಟಗಿರುವಂತೆ ನೋಡಿಕೊಳ್ಳುತ್ತೇನೆಂದು ನನ್ನಿಂದ ಮಾತು ತೆಗೆದುಕೊಂಡರು. ಹೆಸರು, ಪಲ್ಟನ್, ಹುಟ್ಟಿದ ತಾರೀಖು ಕೆತ್ತಿದ್ದೆ. ಇನ್ನೊಂದು ತಾರೀಖಿನ ಜಾಗ ಖಾಲಿಯಿತ್ತು. ಅದನ್ನೂ ಗೇಣು ಹಾಕಿ ಅಳೆದರು.

"ಗಡಿಬಿಡಿ ಇಲ್ರಿ" ಎಂದೆ.

"ನನಗೂ ಇಲ್ಲ" ಎಂದರು.

೩. ಎರಡು ನಿಮಿಷ ಮೌನ

ಹವಾಲ್ದಾರರ ಊರಲ್ಲಿ ಆಗಸ್ಟ್ ಹದಿನೈದಕ್ಕೆ ಶಾಲೆಯ ಮಕ್ಕಳು ಸೈನಿಕರ ಕಲ್ಲುಗಳಿಗೆ ಹಾರ ಹಾಕುತ್ತಾರೆ. ಹೊಸದಾಗಿ ಬಂದ ಹೆಡ್ ಮಾಸ್ತರರು ಹವಾಲ್ದಾರರ ಕಲ್ಲಿಗೂ ಹಾರ ಹಾಕಿಸಿ, ಹೆಸರು ಓದಿ, ಆತ್ಮಕ್ಕೆ ಶಾಂತಿ ಕೋರಿ ಮೌನಕ್ಕೆ ನಿಲ್ಲಿಸಿದರು. ಮೆಡಲ್ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ನಿಂತಿದ್ದ ಹವಾಲ್ದಾರರೂ ಎರಡು ನಿಮಿಷ ಅಲುಗಲಿಲ್ಲ. ಶಿಸ್ತು ಅಂದರೆ ಶಿಸ್ತು. ಮುಗಿದ ಮೇಲೆ ಮುಂದೆ ಬಂದರು.

"ಸರ, ಆ ಹೆಸರಿನಂವ ನಾನ. ಶಾಂತಿ ಸಿಕ್ಕೇತ್ರಿ. ಇನ್ನ ಚಾ ಒಂದು ಸಿಗಬೇಕು."

೪. ಸೊಟ್ಟ

ಹೋದ ವರ್ಷ ಹವಾಲ್ದಾರರು ತೀರಿಕೊಂಡರು. ತಾರೀಖು ಕೆತ್ತಲು ಹೋದೆ. ಉಳಿ ಹಿಡಿದ ಕೈ ಎರಡು ಸಲ ನಿಂತಿತು. ಆ ಖಾಲಿ ಜಾಗ ನನಗೆ ಅಷ್ಟು ರೂಢಿಯಾಗಿತ್ತು. ಕೆತ್ತಿ ಮುಗಿಸಿ ಹಿಂದೆ ಸರಿದು ನೋಡಿದರೆ, ಅವರನ್ನು ಹೂಳಲು ಪಕ್ಕದಲ್ಲೇ ಕುಣಿ ತೋಡಿದ್ದರಿಂದ ಮಣ್ಣು ಸಡಿಲಾಗಿ ಕಲ್ಲು ಬೆರಳಷ್ಟು ಎಡಕ್ಕೆ ವಾಲಿತ್ತು. ಕೊಟ್ಟ ಮಾತು ನೆನಪಾಗಿ ಹಾರೆ ಎತ್ತಿಕೊಂಡೆ. ಅಷ್ಟರಲ್ಲಿ ಅವರ ಹೆಂಡತಿ ಹೂವು ಹಿಡಿದು ಬಂದರು.

"ಏನ ಮಾಡಾಕತ್ತೀರಿ?"

"ಕಲ್ಲು ಸೊಟ್ಟ ಆಗೇತ್ರಿ ಅವ್ವಾರ. ಹಿಂಗ ಬಿಟ್ರ ಹವಾಲ್ದಾರ್ರು ಎದ್ದು ಬಂದು ಬೈತಾರ."

ಅವರು ಕಲ್ಲನ್ನು ನೋಡಿದರು, ನನ್ನನ್ನು ನೋಡಿದರು. ಹಾರೆಯನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟರು.

"ಹಂಗಾರ ಸೊಟ್ಟನ ಇರಲಿ ಬಿಡ್ರಿ."