ಪಕ್ಕದ ರೂಮಿಗೆ ಹೊರಟ ಚಿತ್ರಗಳು

ಆಸ್ಪತ್ರೆಯಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ನಮ್ಮಲ್ಲಿ ಒಂದು ಮಧ್ಯಾಹ್ನ ಬಂದು ಕೂರಬೇಕು. ಬೇಡ ಬೇಡವೆಂದರೂ ಇಂಥವು ನಡೆಯುತ್ತಲೇ ಇರುತ್ತವೆ, ಅದೂ ನಾನು ಕೈ ಹಾಕಿದ ಕಡೆಯಲ್ಲೇ.

ರೋಗಿಗಳನ್ನು ಡಾಕ್ಟರು ನೋಡಿಕೊಳ್ಳುತ್ತಾರೆ, ಡಾಕ್ಟರ ಮಿಷನ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ದುರ್ಗದಲ್ಲಿ ದೊಡ್ಡ ಆಸ್ಪತ್ರೆ. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದಲ್ಲಿ ಅದರ ಮೂರು ಮರಿಗಳು. ವಾರವೆಲ್ಲ ಬಸ್ಸಿನಲ್ಲಿ ಓಡಾಟ. ನನ್ನ ಸ್ವಭಾವ ಕೊಂಚ ಕನಸಿನದು. ಕಿಟಕಿಗೆ ತಲೆ ಆನಿಸಿ, ಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ತಿರುಗುವುದನ್ನು ನೋಡುತ್ತ ಕೂತೆನೆಂದರೆ ಇಳಿಯಬೇಕಾದ ಊರು ದಾಟಿ ಹೋಗಿರುತ್ತದೆ. ಹಾಗೆ ಒಂದು ದಿನ ಊರು ತಪ್ಪಿಸಿಕೊಂಡು, ವಾಪಸ್ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ ನನಗೆ ಆ ಪೆಟ್ಟಿಗೆಗಳ ಯೋಚನೆ ಬಂತು.

ಅಂಗೈಯಗಲದ ಪೆಟ್ಟಿಗೆಗಳು. ಪ್ರತಿ ರೂಮಿನ ಟೀವಿಯ ಹಿಂದೆ ಒಂದೊಂದನ್ನು ಅಂಟಿಸಬೇಕು. ಸ್ಕ್ಯಾನ್ ಮಿಷನ್ನನ್ನೋ ಎಂಡೋಸ್ಕೋಪಿ ಮಿಷನ್ನನ್ನೋ ಗಾಲಿಯ ಮೇಲೆ ತಳ್ಳಿಕೊಂಡು ರೂಮಿಗೆ ಬಂದರೆ ಸಾಕು, ವೈರಿಲ್ಲ, ಗುಂಡಿಯಿಲ್ಲ, ಮಿಷನ್ನಿನ ಚಿತ್ರ ತಾನಾಗಿ ಹತ್ತಿರದ ಟೀವಿಗೆ ಹೋಗಿ ಕೂರುತ್ತದೆ. ಡಾಕ್ಟರು ಕತ್ತು ತಿರುಚಿ ಸಣ್ಣ ಪರದೆ ನೋಡುವ ಕಷ್ಟ ತಪ್ಪುತ್ತದೆ. ನಾನು ಆಸ್ಪತ್ರೆಯ ಯಜಮಾನರಾದ ದೊಡ್ಡ ಡಾಕ್ಟರ ಹಿಂದೆ ಆರು ತಿಂಗಳು ಬಿದ್ದು ಒಪ್ಪಿಸಿದೆ.

ಅವರು ಒಪ್ಪುವಾಗಲೇ ಕರಾರು ಹಾಕಿದರು. "ನೋಡಪ್ಪ, ಒಬ್ಬರ ಒಳಗಿರೋದನ್ನ ಇನ್ನೊಬ್ಬರು ನೋಡಬಾರದು. ಚಿತ್ರ ಬೇರೆ ರೂಮಿಗೆ ಮೂರು ಸಲ ಹೋಯ್ತು ಅಂದ್ರೆ ಪೆಟ್ಟಿಗೆ ಎಲ್ಲಾ ಬಿಚ್ಚಿ ವಾಪಸ್ ಕಳಿಸ್ತೀನಿ. ಅವುಗಳ ಜೊತೆ ನೀನೂ ಹೋಗಬಹುದು."

ನನಗೆ ಬೇರೆ ಕೆಲಸ ಸಿಗುತ್ತಿತ್ತೇನೋ. ಆದರೆ ಆ ಚಿತ್ರಗಳು ಸದ್ದಿಲ್ಲದೆ ಗಾಳಿಯಲ್ಲಿ ತೇಲಿ ಬಂದು ಗೋಡೆಯ ಮೇಲೆ ಮೂಡುವುದನ್ನು ಬಿಟ್ಟು ಹೋಗಲು ನನಗೆ ಮನಸ್ಸಿರಲಿಲ್ಲ.

ಕಿಟಕಿ ಮುಚ್ಚಿದ ಆಯಮ್ಮ

ಮೊದಲ ದಿನ ದುರ್ಗದಲ್ಲಿ ಎಲ್ಲರೂ ಸೇರಿದ್ದರು. ಮಿಷನ್ ಬಂತು, ಟೀವಿ ಹಾಕಿದೆ, ಚಿತ್ರ ಮಾತ್ರ ಬರಲಿಲ್ಲ. ದೊಡ್ಡ ಡಾಕ್ಟರು ಗಡಿಯಾರ ನೋಡಿಕೊಂಡರು. ನಾನು ಬೆವರುತ್ತ ಟೀವಿಯ ಹಿಂದೆ ತಲೆ ತೂರಿಸಿದೆ.

ನೆಲ ಒರೆಸುತ್ತಿದ್ದ ಆಯಮ್ಮ ಕೇಳಿದಳು, "ವೈರ್ ಇಲ್ದಂಗೆ ಬರ್ತೈತಾ ಸಾರ್ ಅದು?"

"ಹೌದಮ್ಮ."

"ಮತ್ತೆ ಕಿಟಕಿ ತಗ್ದೀರಲ್ರಿ! ಫ್ಯಾನ್ ಬೇರೆ ಹಾಕೀರಿ. ಎಲ್ಲಿ ನಿಲ್ಲತೈತೆ ಅದು?" ಎಂದು ಪಟಪಟನೆ ಕಿಟಕಿ ಮುಚ್ಚಿ ಫ್ಯಾನ್ ಆರಿಸಿದಳು.

ಅದೇ ಗಳಿಗೆಗೆ ಟೀವಿಯ ಹಿಂದೆ ನನ್ನ ಕೈಗೆ ಸಡಿಲವಾಗಿದ್ದ ಪ್ಲಗ್ಗು ಸಿಕ್ಕಿತು. ಒತ್ತಿದೆ. ಗೋಡೆಯ ಮೇಲೆ ಚಿತ್ರ ಫಳ್ಳನೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ಆಯಮ್ಮನ ಕಡೆ ತಿರುಗಿ.

ಇವತ್ತಿಗೂ ದುರ್ಗದ ಆ ರೂಮಿನಲ್ಲಿ ಸ್ಕ್ಯಾನ್ ಎಂದರೆ ನರ್ಸುಗಳು ಮೊದಲು ಕಿಟಕಿ ಮುಚ್ಚುತ್ತಾರೆ. ರೋಗಿಗಳು ಬೆವೆತು ಹೊರಗೆ ಬಂದು, "ಭಾಳ ಬಿಸಿ ಮಿಷನ್ನು ಕಣ್ರಿ" ಅನ್ನುತ್ತಾರೆ.

ರಾಹುಕಾಲದ ಹೊಸಿಲು

ಹಿರಿಯೂರಿನಲ್ಲಿ ಒಂದು ಮಂಗಳವಾರ. ಒಬ್ಬ ಯಜಮಾನರ ಎದೆಯ ಸ್ಕ್ಯಾನ್ ಆಗಬೇಕಿತ್ತು. ನರ್ಸು ಮಿಷನ್ ತಳ್ಳಿಕೊಂಡು ಬಂದು ಮುಂದಿನ ಗಾಲಿ ಎರಡನ್ನು ರೂಮಿನೊಳಗೆ ಇಟ್ಟಿದ್ದಳು, ಅಷ್ಟರಲ್ಲಿ ರೋಗಿಯ ಅಕ್ಕ ಕೈ ಅಡ್ಡ ಹಿಡಿದರು.

"ತಡಿಯವ್ವ! ಮೂರು ಗಂಟೆ ಆತು. ರಾಹುಕಾಲ ಬಂದೈತೆ. ಎದೀಗೆ ಸಂಬಂಧಪಟ್ಟಿದ್ದು, ನಾಕೂವರೆ ಆಗ್ಲಿ."

"ಸರಿ, ಹಿಂದಕ್ಕೆ ತಗೊಂಡು ಹೋಗ್ತೀನಿ."

"ಅಯ್ಯೋ, ಹೊಸಿಲು ದಾಟಿದ್ದನ್ನ ಹಿಂದಕ್ಕೆ ಎಳೀತಾರಾ? ಇನ್ನೂ ಕೆಟ್ಟದ್ದು."

ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮಿಷನ್ನು ದೀಪ ಹಚ್ಚಿಕೊಂಡು ಒಂದೂವರೆ ಗಂಟೆ ಹೊಸಿಲ ಮೇಲೆ ನಿಂತಿತು. ನಿಂತದ್ದು ಸುಮ್ಮನೆ ನಿಲ್ಲಲಿಲ್ಲ. ಎದುರಿಗೆ, ಜನ ಕಾಯುವ ಹಾಲಿನಲ್ಲಿ ಒಂದು ಟೀವಿ ಇತ್ತು. ಅದಕ್ಕೂ ಒಂದು ಪೆಟ್ಟಿಗೆ ಇರಲಿ, ಆರೋಗ್ಯದ ವಿಡಿಯೋ ತೋರಿಸೋಣ ಎಂದು ನಾನೇ ಅಂಟಿಸಿದ್ದೆ. ಮಿಷನ್ನು ಅದರ ಜೊತೆ ಸ್ನೇಹ ಬೆಳೆಸಿಬಿಟ್ಟಿತು. ನಾಲ್ಕೂವರೆಗೆ ಒಳಗೆ ಹೋದ ಮೇಲೂ ಆ ಸ್ನೇಹ ಬಿಡಲಿಲ್ಲ.

ಹಾಲಿನಲ್ಲಿ ಧಾರಾವಾಹಿ ನಡೆಯುತ್ತಿತ್ತು. ಅತ್ತೆ ಸೊಸೆಯ ಕೆನ್ನೆಗೆ ಹೊಡೆಯಲು ಕೈ ಎತ್ತಿದ್ದಳು. ಆಗ ಚಿತ್ರ ಬದಲಾಯಿತು. ಕಪ್ಪು ಬಿಳುಪಿನಲ್ಲಿ ಏನೋ ಒಂದು, ಮೀನಿನ ಬಾಯಿಯ ಹಾಗೆ ತೆರೆದು ಮುಚ್ಚಿ, ತೆರೆದು ಮುಚ್ಚಿ ಆಡತೊಡಗಿತು. ಹೆಸರಿರಲಿಲ್ಲ, ಮಾತಿರಲಿಲ್ಲ. ನಾನು ಆಗತಾನೆ ಬಸ್ಸಿಳಿದು ಒಳಗೆ ಬಂದಿದ್ದೆ. ಇಡೀ ಹಾಲು ಸದ್ದಿಲ್ಲದೆ ಮೇಲಕ್ಕೆ ನೋಡುತ್ತಿತ್ತು. ಅಳುತ್ತಿದ್ದ ಕೂಸು ಬಾಯಿ ತೆರೆದುಕೊಂಡು ಸುಮ್ಮನಾಗಿತ್ತು. ಇಳಿಬಿಸಿಲು ನೆಲದ ಮೇಲೆ ಬಿದ್ದಿತ್ತು, ಅಷ್ಟು ಜನರ ಉಸಿರು ಒಂದೇ ತಾಳಕ್ಕೆ ಬಂದ ಹಾಗಿತ್ತು. ಓಡಿ ಹೋಗಿ ಆರಿಸಬೇಕಾದವನು ನಾನು. ನಾನೂ ಒಂದು ನಿಮಿಷ ನೋಡುತ್ತ ನಿಂತುಬಿಟ್ಟೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ವಿಷಯ ದುರ್ಗಕ್ಕೆ ಮುಟ್ಟಿತು. ದೊಡ್ಡ ಡಾಕ್ಟರು ನನ್ನನ್ನು ಕರೆಸಿ ಒಂದು ಬೆರಳು ಎತ್ತಿದರು. "ಒಂದು."

ಹಾಲಿನ ಪೆಟ್ಟಿಗೆಯನ್ನು ಅವತ್ತೇ ಕಿತ್ತೆ. ಮಾರನೆಯ ದಿನ ಒಬ್ಬ ಅಜ್ಜಿ ಬಂದು ನರ್ಸಿನ ಹತ್ತಿರ ತಕರಾರು ತೆಗೆದರು: "ನಿನ್ನೆ ಹಾಕಿದ್ರಲ್ಲ, ಅದನ್ನೇ ಹಾಕ್ರಿ. ಒಂದು ಜಗಳ ಇಲ್ಲ, ಒಂದು ಜಾಹೀರಾತಿಲ್ಲ, ಎಷ್ಟು ಚೆಂದಿತ್ತು ಆ ಚಾನೆಲ್ಲು!"

ಯಾರ ಕಲ್ಲು, ಯಾರಿಗೆ ಪಲ್ಯ

ಹೊಳಲ್ಕೆರೆಯದು ನನ್ನ ತಪ್ಪಲ್ಲ. ಐದನೇ ರೂಮಿನ ರೋಗಿಗೆ ಕಿಡ್ನಿ ಸ್ಕ್ಯಾನ್ ಇತ್ತು. ಅವರ ಹೆಂಡತಿ ಟೀವಿಯ ಪ್ಲಗ್ಗು ಕಿತ್ತು ಮೊಬೈಲ್ ಚಾರ್ಜಿಗೆ ಹಾಕಿದ್ದರು. ಟೀವಿ ಸಿಗದ ಮಿಷನ್ನು ತೆಳ್ಳನೆಯ ಗೋಡೆ ದಾಟಿ ಆರನೇ ರೂಮಿಗೆ ಹೋಯಿತು. ಈ ಮಿಷನ್ನಿಗೆ ಮೈಕೂ ಇದ್ದದ್ದರಿಂದ ಚಿತ್ರದ ಜೊತೆ ಡಾಕ್ಟರ ದನಿಯೂ ಹೋಯಿತು.

ಆರನೇ ರೂಮಿನಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ ಒಬ್ಬರು ಮಲಗಿದ್ದರು. ಅವರನ್ನು ಮಾತಾಡಿಸಲು ಊರಿನಿಂದ ಎಂಟು ಹತ್ತು ಜನ ಬಂದಿದ್ದರು. ಗೋಡೆಯ ಮೇಲಿನ ಟೀವಿ ತಾನಾಗಿ ಆನ್ ಆಗಿ, "ನೋಡಿ, ಇಲ್ಲಿ ಕಲ್ಲಿದೆ. ಚೆನ್ನಾಗಿ ನೀರು ಕುಡೀಬೇಕು" ಅಂದಿತು.

ಯಾರೂ ಯಾರನ್ನೂ ಕೇಳಲಿಲ್ಲ. ಟೀವಿಯೇ ಹೇಳಿದ ಮೇಲೆ ಇನ್ನು ಕೇಳುವುದೇನು? ಹೆಂಗಸರು ಲೊಚಗುಟ್ಟಿದರು. "ಪಾಪ, ಕಾಲು ಮುರಿದಿದ್ದು ಸಾಲದು ಅಂತ ಕಿಡ್ನಿಯಾಗೆ ಕಲ್ಲೂ ಐತಂತೆ." ನಮ್ಮ ಕಡೆ ಕಲ್ಲು ಎಂದರೆ ಮದ್ದು ಒಂದೇ, ಬಾಳೆದಿಂಡು. ಸಂಜೆಯಿಂದಲೇ ಡಬ್ಬಿಗಳು ಬರತೊಡಗಿದವು. ಬಾಳೆದಿಂಡಿನ ಪಲ್ಯ, ಬಾಳೆದಿಂಡಿನ ಮೊಸರುಬಜ್ಜಿ, ಸೋಸಿದ ಬಾಳೆದಿಂಡಿನ ರಸ.

ಎರಡು ದಿನ ಬಿಟ್ಟು ನಾನು ಹೋದಾಗ ಕಾಲು ಮುರಿದವರು ಮಂಚದ ಮೇಲೆ ತೃಪ್ತಿಯಾಗಿ ಕೂತಿದ್ದರು. "ಸ್ವಾಮಿ, ನಿಮಗೆ ಕಲ್ಲಿಲ್ಲ. ಅದು ಬೇರೆಯವರ ಚಿತ್ರ" ಎಂದು ಕೈ ಮುಗಿದು ಹೇಳಿದೆ.

ಅವರು ಸ್ವಲ್ಪವೂ ಬೇಜಾರು ಮಾಡಿಕೊಳ್ಳಲಿಲ್ಲ. "ಇಲ್ದಿದ್ರೆ ಬ್ಯಾಡ ಬಿಡ್ರಿ. ಪಲ್ಯ ಚೆನ್ನಾಗಿತ್ತು. ಕಾಲು ನೋವೂ ಕಮ್ಮಿ ಆಗೈತೆ."

ದೊಡ್ಡ ಡಾಕ್ಟರು ಫೋನಿನಲ್ಲಿ, "ಎರಡು" ಎಂದರು. ಬೆರಳು ಕಾಣದಿದ್ದರೂ ಎತ್ತಿದ್ದಾರೆ ಎಂದು ನನಗೆ ಗೊತ್ತಾಯಿತು.

ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ಐದನೇ ರೂಮಿನವರು ಸೊಂಟ ಹಿಡಿದುಕೊಂಡು ನಿಂತಿದ್ದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರ ಸಿಟ್ಟೇ ಬೇರೆ ಇತ್ತು. "ಚಿತ್ರ ಯಾರಾದ್ರೂ ನೋಡ್ಕಳ್ಳಿ ಸಾರ್. ಕಲ್ಲು ನಂದು, ಎರಡು ದಿನದಿಂದ ಪಲ್ಯ ತಿಂದೋನು ಅವನು!"

ಸೋಮವಾರದ ಉಪವಾಸ

ಉಳಿದದ್ದು ಒಂದೇ ಬೆರಳು. ಅಷ್ಟರಲ್ಲಿ ಹೊಸದುರ್ಗದಲ್ಲಿ ದೊಡ್ಡ ಡಾಕ್ಟರ ತಾಯಿಗೇ ಎಂಡೋಸ್ಕೋಪಿ ಎಂದು ಗೊತ್ತಾಯಿತು.

ಅವರದು ಬಾಗೂರಿನ ಹತ್ತಿರದ ಮನೆ. ಎದೆಯುರಿ ಜಾಸ್ತಿಯಾಗಿತ್ತು. ಜೊತೆಗೆ ಸಕ್ಕರೆ ಕಾಯಿಲೆ. ಮಗ ಒಬ್ಬಟ್ಟು ಬಿಡಿಸಿ ಎರಡು ವರ್ಷವಾಗಿತ್ತು, ಆ ಸಿಟ್ಟು ಆರಿರಲಿಲ್ಲ. ಮಗ ಫೋನ್ ಮಾಡಿ, "ಅವ್ವ, ನಾಳೆ ಬೆಳಿಗ್ಗೆ ಉಪವಾಸ ಇದ್ದು ಬಾ" ಎಂದಿದ್ದರು. ಆಕೆ ಬಂದವರೇ ನರ್ಸಿಗೆ ಹೇಳಿದ್ದು ಒಂದೇ ಮಾತು: "ನನ್ನ ಮಗ ಒಳಗೆ ಇರಬಾರ್ದು. ನೋಡಿದ್ರೆ ಬೈತಾನೆ."

ಹಾಗಾಗಿ ಪರೀಕ್ಷೆಯನ್ನು ಲೇಡಿ ಡಾಕ್ಟರಿಗೆ ಒಪ್ಪಿಸಿ, ದೊಡ್ಡ ಡಾಕ್ಟರು ಪಕ್ಕದ ರೂಮಿನಲ್ಲಿ ರೋಗಿಗಳನ್ನು ನೋಡುತ್ತ ಕೂತರು. ಆ ರೂಮಿನಲ್ಲೂ ಟೀವಿ, ಅದರ ಹಿಂದೆ ಪೆಟ್ಟಿಗೆ.

ನಾನು ಬೆಳಿಗ್ಗೆಯಿಂದ ಕಾವಲು ಕಾದಿದ್ದೆ. ಹೊಸಿಲ ಮೇಲೆ ಏನೂ ನಿಲ್ಲಲು ಬಿಡಲಿಲ್ಲ. ಪ್ಲಗ್ಗು ಎರಡೆರಡು ಸಲ ನೋಡಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಕಿಟಕಿಯನ್ನೂ ಮುಚ್ಚಿದೆ. ಅಜ್ಜಿ ನನ್ನನ್ನು ಹತ್ತಿರ ಕರೆದರು. "ಏನಪ್ಪ, ಚಿತ್ರ ನಿನ್ನ ಕೈಯಾಗೆ ಐತಂತೆ. ಅವನ ರೂಮಿಗೆ ಮಾತ್ರ ಹೋಗ್ಬಾರ್ದು ನೋಡು."

"ಹೋಗಲ್ಲ ಅಜ್ಜಿ. ಹೋದ್ರೆ ನಾನೂ ಹೋದಂಗೆ" ಎಂದು ಮಾತು ಕೊಟ್ಟು ಹೊರಗೆ ಬಂದೆ.

ಬಾಗಿಲು ಹಾಕಿದ ಮೇಲೆ ಒಳಗೆ ನಡೆದದ್ದು ನನಗೆ ಗೊತ್ತಾದದ್ದು ಆಮೇಲೆ. ಅಜ್ಜಿ ಮಂಚ ನೋಡಿ, "ಇದೇನ್ರವ್ವ, ತಲೆ ಉತ್ತರಕ್ಕೆ ಹಾಕ್ಸೀರಿ? ನಾನಿನ್ನೂ ಬದುಕಿದೀನಿ ಕಣ್ರೇ!" ಎಂದಿದ್ದರು. ಯಜಮಾನರ ತಾಯಿಯ ಮಾತಿಗೆ ಎದುರಾಡುವವರು ಯಾರು? ನರ್ಸುಗಳು ಮಂಚವನ್ನು ಸುತ್ತ ತಿರುಗಿಸಿ ದಕ್ಷಿಣಕ್ಕೆ ತಲೆ ಮಾಡಿದರು. ತಲೆ ಇದ್ದ ಕಡೆ ಮಿಷನ್ನೂ ಇರಬೇಕಲ್ಲ, ಅದೂ ದಕ್ಷಿಣಕ್ಕೆ ಬಂದು ಗೋಡೆಗೆ ಒತ್ತಿಕೊಂಡು ನಿಂತಿತು. ಆ ಗೋಡೆಯ ಆಚೆಗೇ ದೊಡ್ಡ ಡಾಕ್ಟರ ಟೀವಿ.

ಅವರು ಆಗ ಒಬ್ಬ ಹಿರಿಯರಿಗೆ ಪಥ್ಯದ ಪಾಠ ಹೇಳುತ್ತಿದ್ದರು. ನಾನು ಆ ರೂಮಿನ ಬಾಗಿಲಲ್ಲಿ ನಿಂತಿದ್ದೆ. ಟೀವಿ ತಾನಾಗಿ ಆನ್ ಆಯಿತು. ಮೊದಲು ಒಂದು ಕೆಂಪು ಸುರಂಗ, ನೆನೆದು ಹೊಳೆಯುತ್ತಿತ್ತು. ಚಿತ್ರ ಅದರೊಳಗೆ ನಿಧಾನವಾಗಿ, ನಿದ್ದೆಯಲ್ಲಿ ನಡೆದ ಹಾಗೆ, ಇಳಿಯುತ್ತ ಹೋಯಿತು. ನನ್ನ ಜೀವವೂ ಜೊತೆಗೆ ಇಳಿಯಿತು. ಕೊನೆಗೆ ಒಂದು ಬಯಲು ತೆರೆದುಕೊಂಡಿತು. ಅದರ ತುಂಬ ರವೆ ಉಪ್ಪಿಟ್ಟು! ಸಾಸಿವೆ ಕಾಳು, ಬಾಳೆಹಣ್ಣಿನ ಚೂರು, ನಡುವೆ ಒಂದು ಕರಿಬೇವಿನ ಎಲೆ ಹಸಿರಾಗೇ ತೇಲುತ್ತಿತ್ತು.

ಪಾಠ ಕೇಳುತ್ತಿದ್ದ ಹಿರಿಯರು ಬಹಳ ಹೊತ್ತು ನೋಡಿ ಮೆಲ್ಲಗೆ ಕೇಳಿದರು. "ಸಾರ್, ಇವರಿಗೂ ನನಗೆ ಹೇಳಿದ ಪಥ್ಯಾನೇ ಹೇಳಿದ್ರಾ?"

ದೊಡ್ಡ ಡಾಕ್ಟರು ಎದ್ದು ಓಡಿದರು. ಹಿಂದೆ ನಾನು. ಅಷ್ಟರಲ್ಲಿ ಲೇಡಿ ಡಾಕ್ಟರು ಕೊಳವೆ ಹೊರಗೆ ತೆಗೆದು ಅಜ್ಜಿಯನ್ನು ಎಬ್ಬಿಸಿ ಕೂರಿಸಿದ್ದರು.

"ಅವ್ವ! ಉಪವಾಸ ಇರು ಅಂದಿದ್ದೆ!"

ಅಜ್ಜಿ ಗಂಟಲು ಸರಿ ಮಾಡಿಕೊಂಡರು. "ಇದೀನಲ್ಲೋ. ಸೋಮವಾರ ಹೆಂಗಿರ್ತೀನೋ ಹಂಗೇ. ಅನ್ನದ ಅಗಳು ಮುಟ್ಟಿಲ್ಲ. ಒಂದಿಷ್ಟು ಉಪ್ಪಿಟ್ಟು, ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಉಪವಾಸ ಅಂದ್ರೆ ಇನ್ನೇನು, ಗಾಳಿ ಕುಡಿಯೋದಾ?"

ತಾಯಿಯನ್ನು ಬೈಯುವಂತಿಲ್ಲ, ಸಿಟ್ಟು ಎಲ್ಲಾದರೂ ಇಳಿಯಬೇಕಲ್ಲ. ದೊಡ್ಡ ಡಾಕ್ಟರು ನನ್ನ ಕಡೆ ತಿರುಗಿ ಮೂರು ಬೆರಳು ಎತ್ತಿದರು. ನಾಲ್ಕು ಊರಿನ ಪೆಟ್ಟಿಗೆಗಳೂ ಒಂದೊಂದಾಗಿ ಆರಿಹೋದ ಹಾಗೆ ನನಗೆ ಕಂಡಿತು.

"ಅದೇನೋ ಅದು ಬೆರಳು?" ಎಂದರು ಅಜ್ಜಿ.

"ಚಿತ್ರ ಬೇರೆಯವರ ರೂಮಿಗೆ ಹೋಯ್ತು ಅವ್ವ. ಮೂರನೇ ಸಲ."

"ಬೇರೆಯವರಾ? ನೀನು ಬೇರೆಯವನಾ?" ಅಜ್ಜಿ ಮಗನ ಕೈ ಹಿಡಿದು ಮೂರೂ ಬೆರಳನ್ನು ಒಂದೊಂದಾಗಿ ಮಡಚಿದರು. "ಮಂಚ ತಿರುಗಿಸ್ರಿ ಅಂದೋಳು ನಾನು. ಆ ಹುಡುಗನ ಮೇಲೆ ಯಾಕೆ ಹಾರಾಡ್ತೀಯ? ಒಂಬತ್ತು ತಿಂಗಳು ಒಳಗೇ ಇದ್ದು ಹೋದೋನು, ಇವತ್ತು ಒಂದು ಸಲ ಹಣಿಕಿ ನೋಡಿದ್ದಕ್ಕೆ ಹಿಂಗೆ ಹೌಹಾರ್ತೀಯಲ್ಲೋ!"

ನರ್ಸುಗಳು ಸೆರಗು, ವೇಲು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದರು. ಕೊನೆಗೆ ದೊಡ್ಡ ಡಾಕ್ಟರೂ ನಕ್ಕರು. ಅವರು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. "ಇದು ಲೆಕ್ಕಕ್ಕಿಲ್ಲ, ಹೋಗಪ್ಪ" ಎಂದರು. ನನಗೆ ಅಳು ಬಂದಿತ್ತು, ಟೀವಿ ಒರೆಸುವ ನೆವದಲ್ಲಿ ಮುಖ ತಿರುಗಿಸಿಕೊಂಡೆ.

ಮಾರನೆಯ ದಿನ ಅಜ್ಜಿ ನಿಜವಾಗಿಯೂ ಹಸಿದುಕೊಂಡು ಬಂದರು. ದಕ್ಷಿಣಕ್ಕೇ ತಲೆ ಹಾಕಿ ಮಲಗಿ ನನ್ನನ್ನು ಕರೆಸಿದರು. "ಇವತ್ತು ಅವನ ರೂಮಿಗೇ ಕಳ್ಸಪ್ಪ. ಅವ್ವನ ಹೊಟ್ಟೆ ಖಾಲಿ ಐತೆ ಅಂತ ಕಣ್ಣಾರೆ ನೋಡ್ಲಿ. ನೋಡಿದ ಮೇಲಾದ್ರೂ ಒಬ್ಬಟ್ಟು ತಿನ್ನು ಅಂತಾನೇನೋ ಕೇಳು."

ನಾನು ಪಕ್ಕದ ರೂಮಿಗೆ ಹೋಗಿ ಒಪ್ಪಿಗೆ ಕೇಳಿದೆ. ದೊಡ್ಡ ಡಾಕ್ಟರು ರೋಗಿಗಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ನಾನು ಮಿಷನ್ನನ್ನು ನನ್ನ ಕೈಯಾರೆ ಆ ಗೋಡೆಗೆ ಒತ್ತಿ ನಿಲ್ಲಿಸಿದೆ. ಕೊಳವೆ ಇಳಿಯಿತು. ಆಮೇಲೆ ಗೋಡೆಯಾಚೆಯಿಂದ ದೊಡ್ಡ ಡಾಕ್ಟರ ದನಿ ಕೇಳಿಸಿತು.

"ಆಯ್ತು ಅವ್ವ. ಅರ್ಧ ಒಬ್ಬಟ್ಟು. ಅರ್ಧ ಮಾತ್ರ!"

ಬಾಯಲ್ಲಿ ಕೊಳವೆಯಿದ್ದ ಅಜ್ಜಿ ಮಾತಾಡುವ ಹಾಗಿರಲಿಲ್ಲ. ಮಲಗಿದಲ್ಲಿಂದಲೇ ನನ್ನ ಕಡೆ ನೋಡಿ, ಮಗನ ಹಾಗೆಯೇ, ಬೆರಳು ಎತ್ತಿದರು. ಒಂದು.