ಹಿಂದಕ್ಕೆ ವಾಲಿದ ಗೆರೆ

ನನ್ನನ್ನು ಹೆದರಿಸಲು ದೆವ್ವ ಪಿಶಾಚಿ ಬೇಡ, ಒಂದು ಓರೆ ಗೆರೆ ಸಾಕು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಪಾಂಡವಪುರದ ಕಡೆ ಸಣ್ಣದೊಂದು ಕಬ್ಬಿನ ಕಚೇರಿಯಲ್ಲಿ ನಾನು ಗುಮಾಸ್ತ. ಯಾರ ಗದ್ದೆಯ ಕಟಾವು ಯಾವತ್ತು ಎಂಬ ಸರದಿ ಪಟ್ಟಿ ನನ್ನ ಪಾಲಿನ ಕೆಲಸ. ಕಚೇರಿಗೆ ವಿಂಡೋಸ್ ಕಂಪ್ಯೂಟರು ಬಂತು. ಮೈಸೂರಿನಲ್ಲಿ ಆರು ತಿಂಗಳು ಯುನಿಕ್ಸ್ ಎಂಬ ಬೇರೆ ಕಂಪ್ಯೂಟರ್ ವ್ಯವಸ್ಥೆ ಕಲಿತಿದ್ದ ನನಗೆ ಅದು ಸಪ್ಪೆ ಅನ್ನಿಸಿ, ಗೆಳೆಯನ ಫ್ಲಾಪಿಗಳಿಂದ ಯುನಿಕ್ಸಿನ ಸಲಕರಣೆಗಳನ್ನೆಲ್ಲ ಅದಕ್ಕೆ ತುಂಬಿದೆ. ಯಾರೂ ಕೇಳಿರಲಿಲ್ಲ. ಕೊಬ್ಬು, ಇನ್ನೇನು! ಪಟ್ಟಿಯ ಕಾಗದದ ಪ್ರತಿಯನ್ನೂ, ಇನ್ನೇತಕ್ಕೆ ಎಂದು ಹರಿದು ಹಾಕಿದೆ.

ಒಂದು ಬೆಳಿಗ್ಗೆ, ಹುಡುಕುವವರಿಗೆ ಸುಲಭವಾಗಲಿ ಎಂದು ಹೆಸರುಗಳನ್ನು ಅಕ್ಷರಕ್ರಮಕ್ಕೆ ಜೋಡಿಸಲು ಆಜ್ಞೆ ಕೊಟ್ಟೆ. ಅಂಥ ಫೈಲೇ ಇಲ್ಲ ಅಂದಿತು. ಎದುರಿಗೆ ಕ್ಯಾತನಹಳ್ಳಿಯ ನಿಂಗೇಗೌಡರು ಕೂತಿದ್ದರು. ಅವರ ಕಬ್ಬು ಬಲಿತು, ಸೂಲಂಗಿ ಹೂ ಬಿಟ್ಟು ಒಣಗುತ್ತಿತ್ತು. ಮಧ್ಯಾಹ್ನದೊಳಗೆ ಪಟ್ಟಿ ಹಾಕದಿದ್ದರೆ ಕಡಿಯುವ ಆಳುಗಳು ಕೆ.ಆರ್. ಪೇಟೆ ಕಡೆ ಹೊರಟುಬಿಡುವವರಿದ್ದರು. ವೈರಸ್ ಬಂದಿರಬೇಕು ಗೌಡ್ರೇ ಎಂದು ಬೆವರು ಒರೆಸುತ್ತ ಸುಳ್ಳು ಹೇಳಿದೆ. ಅವರು ಸಾವಧಾನವಾಗಿ ಕೇಳಿದರು:

“ಅದ್ಕೆ ದಾರಿ ಸರ್ಯಾಗ್ ಯೋಳಿದ್ದೀರಾ ಸ್ವಾಮಿ?”

ಆಗ ಕಣ್ಣು ಬಿಟ್ಟೆ. ಫೈಲಿನ ವಿಳಾಸ ಬರೆಯುವಾಗ ವಿಂಡೋಸಿನವರ ಗೆರೆ ಹಿಂದಕ್ಕೆ ವಾಲುತ್ತದೆ, ಯುನಿಕ್ಸಿನವರದು ಮುಂದಕ್ಕೆ. ನಾನು ಹಿಂದಕ್ಕೆ ವಾಲಿದ್ದನ್ನು ಕೊಟ್ಟಿದ್ದೆ. ಯುನಿಕ್ಸ್ ಅದನ್ನು ನುಂಗಿ, ಫೋಲ್ಡರಿನ ಹೆಸರನ್ನೂ ಫೈಲಿನ ಹೆಸರನ್ನೂ ಒಂದೇ ಮಾಡಿಕೊಂಡು ಹುಡುಕುತ್ತಿತ್ತು. ಗೆರೆ ತಿರುಗಿಸಿದೆ. ಪಟ್ಟಿ ಸಿಕ್ಕಿತು, ಜೋಡಿಸಿಯೂ ಆಯಿತು. ಹೋದ ಜೀವ ಬಂದಂತಾಗಿ ಛಾಪಿಸಿ ಕೊಟ್ಟೆ.

ಗೌಡರು ಬೆರಳಿಟ್ಟು ಓದಿ ತಲೆಯಾಡಿಸಿದರು.

“ನಾನು ಶಿವಣ್ಣನ್‌ಗಿಂತ ಮುಂದೆ ಬಂದಿವ್ನಿ, ಸಂತೋಸ. ಆದ್ರೆ ದಾರಿ ಮಗ್ಗುಲ್ ಗದ್ದೆ ಅವುಂದು. ಅವುನ್ ಕಬ್ಬು ಕಡೀದೆ ನನ್ ಗಾಡಿ ಎತ್ತಗಿಂದ ಬಂದಾತು?”

ಮೊದಲಿನ ಸರದಿ ಗಾಡಿ ದಾರಿಯದು: ರಸ್ತೆಯಂಚಿನ ಗದ್ದೆ ಮೊದಲು, ಒಳಗಿನದು ಆಮೇಲೆ. ಜೋಡಿಸಿದ್ದನ್ನು ನಾನು ಅದೇ ಫೈಲಿನ ಮೇಲೆ ಬರೆದುಬಿಟ್ಟಿದ್ದೆ. ಕಳೆದಿದೆ ಎಂದು ಹೆದರಿದಾಗ ಅದು ಇತ್ತು; ಸಿಕ್ಕಿತೆಂದು ಹಿಗ್ಗಿದಾಗ ಕಳೆದೇ ಹೋಗಿತ್ತು. ನನಗೆ ಅಳುವೇ ಬಂತು.

ಗೌಡರು ಕಣ್ಣು ಮುಚ್ಚಿದರು. ರಸ್ತೆ ಬದಿಯ ನಾಲೆಯ ತೂಬಿನಿಂದ ಹೊರಟು ಗದ್ದೆ ಗದ್ದೆ ದಾಟುತ್ತ ಒಂದೊಂದೇ ಹೆಸರು ಹೇಳಿದರು. ನಾನು ಕೀಲಿ ಒತ್ತುತ್ತ ಹೋದೆ. ತಮ್ಮ ಹೆಸರನ್ನು ಅವರು ಶಿವಣ್ಣನ ಕೆಳಗೇ ಹೇಳಿದರು. ಹನ್ನೆರಡಕ್ಕೆ ಮುಂಚೆ ಪಟ್ಟಿ ಹಲಗೆಗೆ ಬಿತ್ತು, ಆಳುಗಳು ಉಳಿದರು.

ಸಂಜೆ ಸಾಹೇಬರು ನೋಡಿ, ಕಂಪ್ಯೂಟರು ಬಂದ ಮೇಲೆ ಸರದಿಯಲ್ಲಿ ಒಂದು ತಪ್ಪೂ ಇಲ್ಲ ನೋಡ್ರಿ ಎಂದು ನನ್ನ ಬೆನ್ನು ತಟ್ಟಿದರು. ನಾನು ಸಂಕೋಚದಿಂದ ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಅಂದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ.