ಹಿತ್ತಲಿನ ಕೆಂಪು ಮಣ್ಣಿಗೆ, ಸೀಸದ ವಿಷಯವಾಗಿ

ಮಾನ್ಯ ಹಿತ್ತಲಿನ ಕೆಂಪು ಮಣ್ಣಿನವರೇ,

ತಮ್ಮ ಪಾದಕ್ಕೆರಗೋಣವೆಂದರೆ ತಾವೇ ನಮ್ಮ ಪಾದದಡಿಯಲ್ಲಿರುವವರು. ಆದ್ದರಿಂದ ಕುಕ್ಕರಗಾಲಲ್ಲಿ ಕುಳಿತು, ಕೈಮುಗಿದು ಈ ದೂರನ್ನು ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಮೂವತ್ತು ವರ್ಷ ಇದೇ ಹಿತ್ತಲಲ್ಲಿ ಹಳೆ ಬ್ಯಾಟರಿ ಬಿಚ್ಚಿ, ತೊಳೆದ ನೀರನ್ನು ತಮ್ಮ ತಲೆಯ ಮೇಲೆ ಸುರಿದವನು ನಾನು. ಅದರೊಳಗಿನ ಸೀಸವನ್ನೆಲ್ಲ ತಾವು ತುಟಿಪಿಟಕ್ಕೆನ್ನದೆ ಇಟ್ಟುಕೊಂಡಿರಿ. ಈಗ ಅಲ್ಲಿ ನನ್ನ ಹೆಂಡತಿ ಸೊಪ್ಪು ಬೆಳೆಯುತ್ತಾಳೆ, ಒಂದೂವರೆ ವರ್ಷದ ಮೊಮ್ಮಗಳು ಅದನ್ನು ತಿನ್ನುತ್ತಾಳೆ. ಹೆದರಿ ಪರೀಕ್ಷೆ ಮಾಡಿಸಿದರೆ, ಮಣ್ಣಿನಲ್ಲಿ ಸೀಸ ರಾಶಿ, ಸೊಪ್ಪಿನಲ್ಲಿ ಚೂರೇ ಚೂರು! ಮಣ್ಣಿನ ಜೇಡಿಯೂ ಕಬ್ಬಿಣದ ತುಕ್ಕೂ ಸೀಸವನ್ನು ಗಟ್ಟಿಯಾಗಿ ಹಿಡಿದುಕೊಂಡಿವೆ, ಬೇರಿಗೆ ಬಿಟ್ಟುಕೊಡುತ್ತಿಲ್ಲ ಎಂದು ಪ್ರಯೋಗಾಲಯದ ಮೇಡಂ ವಿವರಿಸಿದರು.

ತುಕ್ಕು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಕೈ ಸುಮ್ಮನಿರಲಿಲ್ಲ. ತುಕ್ಕು ಕಂಡಲ್ಲಿ ಹುಳಿ ಹಾಕಿ ತಿಕ್ಕುವುದು ನನ್ನ ಕಸುಬಿನ ಚಾಳಿ. ತುಕ್ಕು ತೊಲಗಿದರೆ ಅಂಟಿದ ಸೀಸವೂ ತೊಲಗುತ್ತದೆಂದು ನಾಲ್ಕು ಕ್ಯಾನ್ ವಿನೆಗರ್ ಸುರಿದೆ. ತಾವೋ, ಮೂವತ್ತು ವರ್ಷದ ಮುಷ್ಟಿಯನ್ನು ಮೂರೇ ವಾರದಲ್ಲಿ ಸಡಿಲಿಸಿ, ಸೀಸವನ್ನು ಮರ್ಯಾದೆಯಿಂದ ಬೇರಿನವರೆಗೂ ಕಳುಹಿಸಿಕೊಟ್ಟಿರಿ. ಮುಂದಿನ ವರದಿಯಲ್ಲಿ ಸೊಪ್ಪಿನ ಸೀಸ ಐದು ಪಟ್ಟಾಗಿತ್ತು. ಹೆಂಡತಿ ಸೊಪ್ಪನ್ನೆಲ್ಲ ಬೇರುಸಹಿತ ಕಿತ್ತು ಚೀಲಕ್ಕೆ ತುಂಬಿ ನನ್ನ ಕಡೆ ನೋಡಿದಳು. ಆ ನೋಟದ ಮುಂದೆ ವಿನೆಗರೇ ಸಿಹಿ.

ಇಷ್ಟು ಘನವಂತರಾದ ತಾವು ಯಃಕಶ್ಚಿತ್ ಹುಳಿಗೆ ಸೋಲುವುದೇ? ಮೇಡಂ ಹೇಳಿದಂತೆ ಈಗ ಸುಣ್ಣ ಬೆರೆಸಿ ತಮ್ಮ ಹುಳಿ ಇಳಿಸಿದ್ದೇನೆ. ದಯಮಾಡಿ ಸೀಸವನ್ನು ಮತ್ತೆ ಬಿಗಿಹಿಡಿಯಬೇಕು. ಇನ್ನೊಂದು ಕೋರಿಕೆ. ಮೊನ್ನೆ ಮೊಮ್ಮಗಳು ತಮ್ಮನ್ನೇ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಹೊಟ್ಟೆಯ ಹುಳಿಯಲ್ಲೂ ತಾವು ಸೀಸವನ್ನು ಕೈಬಿಡುತ್ತೀರಂತೆ. ಆ ಪುಟ್ಟ ಹೊಟ್ಟೆಯೊಳಗೆ ಮಾತ್ರ ಮುಷ್ಟಿ ತೆರೆಯದೆ, ಹೋದಷ್ಟೇ ಸಭ್ಯವಾಗಿ ಹೊರಬರಬೇಕು. ಅದು ಆಗದ ಮಾತೆಂದು ಗೊತ್ತು. ಆದರೂ ಕೇಳುತ್ತಿದ್ದೇನೆ, ಏಕೆಂದರೆ ನನಗೆ ತುಂಬ ಭಯವಾಗಿದೆ.

ತಮ್ಮ ವಿಶ್ವಾಸಿ,
ತಮ್ಮನ್ನೇ ತುಳಿದು ಬಾಳಿದ ಬ್ಯಾಟರಿ ರಿಪೇರಿಯವ

ಮರೆತ ಮಾತು: ಮೊಮ್ಮಗಳ ರಕ್ತಪರೀಕ್ಷೆಯ ವರದಿ ಈಗಷ್ಟೇ ಬಂತು. ಸದ್ಯಕ್ಕೆ ಹೆದರಬೇಡಿ, ಮಗುವನ್ನು ಹಿತ್ತಲಿಗೆ ಬಿಡಬೇಡಿ, ಮೂರು ತಿಂಗಳಿಗೆ ಮತ್ತೆ ಬನ್ನಿ ಎಂದರು ಡಾಕ್ಟರು. ಬೇಲಿ ಹಾಕಿದ್ದೇನೆ. ದೂರು ಕೊಡಬೇಕಾದದ್ದು ಮಣ್ಣಿನ ಮೇಲಲ್ಲ, ಸೀಸ ಸುರಿದವನ ಮೇಲೆ ಎಂದು ಹೆಂಡತಿ ಗೊಣಗುತ್ತಿದ್ದಾಳೆ. ಆತ ಪತ್ರ ಬರೆಯುವುದರಲ್ಲಿ ಮಗ್ನನಾಗಿದ್ದಾನೆ, ಈಗ ಸಿಗುವುದಿಲ್ಲ ಎಂದು ಹೇಳಿ ಕಳುಹಿಸಿದ್ದೇನೆ.